ತಂಪಿನ ಪೆಟ್ಟಿಗೆ

ವಿಮಾನ ಮೂರು ಸಲ ಬಂತು,
ಮೂರು ಸಲವೂ ಮೋಡಕ್ಕೆ ಮೂಗು ತಾಗಿಸಿ ಹಿಂತಿರುಗಿತು.
ಮೇಲಿನ ಕಣಿವೆಯಲ್ಲಿ ದಡಾರ.
ರೇಡಿಯೋದಲ್ಲಿ ಪಾದ್ರಿ ಕೆಸಿಮ್
ಹಾಜರಿ ಕರೆದ ಹಾಗೆ ಹೆಸರು ಓದಿದರು,
ಇನ್ನು ಓಗೊಡಲಾರದ ಏಳು ಮಕ್ಕಳ ಹೆಸರು.

ಡಾಕ್ಟರ್ ಹೆಲ್ವಿಗೆ ಅರವತ್ತೆಂಟು, ಮಂಡಿ ಮುರಿದಿತ್ತು.
ಹಿಮದ ದೇಶದಿಂದ ಬರುವಾಗ ತಂದ ಉಣ್ಣೆಯಂಗಿ
ಸೆಪಿಕ್ ನದಿಯ ಸೆಖೆಯಲ್ಲಿ
ಮೂವತ್ತೊಂದು ವರ್ಷ ಟ್ರಂಕಿನ ತಳದಲ್ಲಿ ಮಲಗಿತ್ತು.
ಅದನ್ನು ಕೊಡವಿ, ಲಸಿಕೆಯ ಪೆಟ್ಟಿಗೆಗೆ ತೊಡಿಸಿ,
ಎರಡು ತೋಳನ್ನೂ ಮುಂದೆ ತಂದು ಗಂಟು ಹಾಕಿದರು,
ಮಗುವನ್ನು ಮೊದಲ ದಿನ ಶಾಲೆಗೆ ಕಳಿಸುವವರ ಹಾಗೆ.
"ಇದನ್ನು ಯಾಕಾದರೂ ತಂದೆನೋ ಅಂದುಕೊಳ್ಳುತ್ತಿದ್ದೆ, ರೋದಾ."
ಪ್ರಾರ್ಥನೆ ಅಷ್ಟೇ. ಆಮೆನ್ ಕೂಡ ಇಲ್ಲ.

ಎಂಟು ಸೀಸೆ. ಒಂದೊಂದರಲ್ಲಿ ಹತ್ತು ಮಕ್ಕಳು.
ಪ್ರತಿ ಸೀಸೆಯ ಮೇಲೂ ಒಂದು ನೇರಳೆ ವೃತ್ತ,
ಅದರೊಳಗೆ ಉಗುರಿನಂಚಿನಷ್ಟು ಬಿಳಿ ಚೌಕ.
ಸೆಖೆ ತಾಗಿದಷ್ಟೂ ಚೌಕ ಕಪ್ಪಿಡುತ್ತದೆ,
ವೃತ್ತದ ಬಣ್ಣಕ್ಕೆ ಬಂತೋ, ಮುಗಿಯಿತು, ಎಸೆಯಬೇಕು.
ಮತ್ತೆ ಬೆಳ್ಳಗಾಗುವುದು ಅದಕ್ಕೆ ಗೊತ್ತಿಲ್ಲ.
ನನ್ನ ನಂಬಿಕೆಗೂ ಇಂಥದೊಂದು ಚೀಟಿ ಅಂಟಿಸಿದ್ದರೆ
ಎಷ್ಟು ಸಲ ಎಸೆದಿರಬೇಕಿತ್ತು ನನ್ನನ್ನು!

ಮೊದಲ ದಿನ ಜಿಗಣೆ, ಕೆಸರು, ಸಾಗೋ ಮರಗಳ ಕತ್ತಲೆ.
ಎರಡನೆಯ ದಿನ ಬೆತ್ತದ ಸೇತುವೆ.
ನಡುವಿನಲ್ಲಿ ನಾಲ್ಕು ಹೆಜ್ಜೆಗೆ ಹಲಗೆಯೇ ಇಲ್ಲ,
ಕೆಳಗೆ ಬಂಡೆಗಳು ಹಲ್ಲು ಮಸೆಯುತ್ತಿದ್ದವು.
ಕೀರ್ತನೆ ನೆನಪಾಗಲಿಲ್ಲ. ಸುಳ್ಳು ಯಾಕೆ ಹೇಳಲಿ?
ಬಾಯಿಗೆ ಬಂದದ್ದು ಬೈಗುಳ:
ಸೇತುವೆಗೆ, ಮೋಡಕ್ಕೆ, ಪೈಲಟ್ಟಿಗೆ,
ಆಮೇಲೆ, ಸ್ವಲ್ಪ ಮೆಲ್ಲಗೆ, ಕರ್ತನಿಗೂ.
ಬೈಯುತ್ತಲೇ ದಾಟಿದೆ.
ಆಚೆ ದಡದಲ್ಲಿ ಕೂತು ಪೆಟ್ಟಿಗೆಯನ್ನು ಅಪ್ಪಿಕೊಂಡಾಗ
ಒಳಗಿನ ತಂಪು ಇನ್ನೂ ಉಸಿರಾಡುತ್ತಿತ್ತು.

ಜೊತೆಗಿದ್ದ ಹುಡುಗ ತಿಬ್ಯೋ, ಹದಿಮೂರು ವರ್ಷ,
ಹೆಜ್ಜೆಗೊಮ್ಮೆ ಜೋರಾಗಿ ಬೇಡುತ್ತಿದ್ದ:
"ಕರ್ತನೇ, ಚಳಿ ಕೊಡು. ಕರ್ತನೇ, ಚಳಿ ಕೊಡು."
ಕೊಟ್ಟ.
ಕಣಿವೆಯ ನೆತ್ತಿಯ ಮೇಲೆ, ಪಾಚಿ ಹೊದ್ದ ಮರಗಳ ಕೆಳಗೆ,
ಒದ್ದೆ ಸೌದೆ ಹೊತ್ತಿಕೊಳ್ಳದ ರಾತ್ರಿ,
ಬೇಡಿದ್ದಕ್ಕಿಂತ ನಾಲ್ಕು ಪಟ್ಟು ಕೊಟ್ಟ.
ಹುಡುಗನ ಹಲ್ಲು ಕಟಕಟ, ತುಟಿ ನೀಲಿ.
ನಾನು ಪೆಟ್ಟಿಗೆಯನ್ನು ನೋಡಿದೆ. ಅವನನ್ನು ನೋಡಿದೆ.
ಗಂಟು ಬಿಚ್ಚಿದೆ.
ಈ ರಾತ್ರಿ ಪೆಟ್ಟಿಗೆಗೆ ಬೆಟ್ಟವೇ ಅಂಗಿ,
ಉಣ್ಣೆಯಂಗಿ ತಿಬ್ಯೋಗೆ.
ತೋಳು ಉದ್ದವಾಗಿ ಬೆರಳು ಮುಚ್ಚಿದವು.
ಮುದುಕಿಯ ಕರ್ಪೂರದ ವಾಸನೆ ಮೂಸುತ್ತಾ ಮಲಗಿದ.
ನನಗೆ ನಿದ್ದೆ ಬರಲಿಲ್ಲ,
ಆದರೆ ಅಳು ಬಂದದ್ದು ಚಳಿಗಲ್ಲ.

ಬೆಳಿಗ್ಗೆ ಅಂಗಿ ಮತ್ತೆ ಪೆಟ್ಟಿಗೆಗೆ.
ಮಧ್ಯಾಹ್ನ ಪ್ರಾರ್ಥನಾಲಯದ ಬಾಗಿಲಲ್ಲಿ ತಾಯಂದಿರ ಸಾಲು.
ಮೂಲೆಯ ಮುದುಕ ಕೇಳಿದ:
"ನಿನ್ನ ಔಷಧಿ ತಣ್ಣಗಿದ್ದರೆ ಮಾತ್ರ ಬದುಕುತ್ತದಂತೆ.
ನಿನ್ನ ದೇವರೂ ಹಾಗೆಯೋ?"
ಉತ್ತರ ಹೊಳೆಯಲಿಲ್ಲ. "ತೋಳು ಚಾಚಿ ಹಿಡಿ" ಎಂದೆ,
ಅವನ ಮಡಿಲಿನ ಮೊಮ್ಮಗಳಿಗೆ.

ಏಳು ಚೌಕ ಬೆಳ್ಳಗಿದ್ದವು. ಒಂದು ಕಪ್ಪು.
ಎಪ್ಪತ್ತು ಮಕ್ಕಳಿಗೆ ಆಯಿತು, ಸಾಲಿನಲ್ಲಿ ಎಪ್ಪತ್ತನಾಲ್ಕು.
ಉಳಿದ ನಾಲ್ವರ ಹೆಸರನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡೆ,
ಅವರ ತಾಯಂದಿರ ಕಣ್ಣು ನೋಡದೆ.

ಸಂಜೆ ರೇಡಿಯೋ ಗೊರಗೊರ.
"ಎಷ್ಟು ಉಳಿಯಿತು?" ಹೆಲ್ವಿ ಕೇಳಿದರು.
"ನಾಲ್ಕು ಹೆಸರು. ನಾಳೆ ಇಳಿಯುತ್ತೇವೆ, ಇನ್ನೊಂದು ಸೀಸೆ ತಣ್ಣಗಿಟ್ಟಿರಿ."
ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು.
"ಅಂಗಿ ಎಲ್ಲಿದೆ?"
ಒಲೆಯ ಪಕ್ಕ ಗೆಣಸು ಸುಲಿಯುತ್ತಿದ್ದ ತಿಬ್ಯೋ
ತೋಳಿನ ತುದಿ ಮಡಚಿ ನನ್ನ ಕಡೆ ನೋಡಿದ.
"ಕೆಲಸದಲ್ಲಿದೆ" ಎಂದೆ.